ಗಳಿಗೆ ಬಟ್ಟಲಿನ ತೂತು

"ಗುರುಗಳೇ, ಒಂಬತ್ತು ವರ್ಷ ಕಲಿತ ಶಾಸ್ತ್ರವನ್ನು ಬಿಟ್ಟು ಹೊರಟರೆ ಆ ವರ್ಷಗಳೆಲ್ಲ ವ್ಯರ್ಥವಾದವೆಂದೇ ಲೆಕ್ಕವೇ?"

ಕೇಳಿದವನು ತಿರುಮಲಯ್ಯ. ಅರಮನೆಯ ಜ್ಯೋತಿಷಿಯಾಗಲು ಅವನನ್ನು ಕರೆದೊಯ್ಯುವ ಜನ ನಾಳೆ ಬರುವವರಿದ್ದರು. ಅವನ ಮನಸ್ಸೋ ದನಗಳ ವೈದ್ಯದಲ್ಲಿ ನೆಟ್ಟು ಒಂದು ವರ್ಷವಾಗಿತ್ತು. ಹೇಳಲು ಇಷ್ಟು ದಿನ ಬಾಯಿ ಬಂದಿರಲಿಲ್ಲ. ಗುರುಗಳು ದಿನವೂ ಬೆಳಿಗ್ಗೆ ಮಾಡುವಂತೆ ಗಳಿಗೆ ಬಟ್ಟಲನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ಕೈ ನಿಲ್ಲಿಸದೆಯೇ ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಜ್ಯೋತಿಷಿಯಿದ್ದ. ಅವನ ಬಳಿ ತಾಮ್ರದ ಗಳಿಗೆ ಬಟ್ಟಲಿತ್ತು. ನೀರಿನ ಮೇಲೆ ತೇಲಿಬಿಟ್ಟರೆ ಅಡಿಯ ಸಣ್ಣ ತೂತಿನಿಂದ ನೀರು ತುಂಬಿ, ಸರಿಯಾಗಿ ಒಂದು ಗಳಿಗೆಗೆ ಮುಳುಗುತ್ತಿತ್ತು. ಗುರುವಿನ ಗುರು ಕೊಟ್ಟ ಬಟ್ಟಲು. ಹಾಗಾಗಿ ಅದಕ್ಕೆ ದಿನವೂ ಅರಿಶಿನ ಕುಂಕುಮದ ಪೂಜೆ. ಉಜ್ಜಿ ತೊಳೆಯುವ ರೂಢಿ ಮಾತ್ರ ಇರಲಿಲ್ಲ.

ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ ಬಟ್ಟಲು ಅರವತ್ತು ಸಲ ಮುಳುಗಬೇಕು. ಒಂದು ವರ್ಷ ದಿನಕ್ಕೆ ಐವತ್ತೊಂಬತ್ತೇ ಸಲ ಮುಳುಗತೊಡಗಿತು. ಸೂರ್ಯ ಅವಸರದಲ್ಲಿದ್ದಾನೆಂದು ಜ್ಯೋತಿಷಿ ತೀರ್ಮಾನಿಸಿ ಪಂಚಾಂಗದ ಲೆಕ್ಕವನ್ನೆಲ್ಲ ತಿದ್ದತೊಡಗಿದ. ಮಹಾ ಪಂಡಿತ!

ಅವನ ಹಿರಿಯ ಶಿಷ್ಯ ಒಂಬತ್ತು ವರ್ಷ ಕಲಿತವನು. ಮುಂದಿನ ಜ್ಯೋತಿಷಿ ಅವನೇ ಎಂದು ಊರೇ ಹೇಳುತ್ತಿತ್ತು. ಅವನು ಸೂರ್ಯನ ಗೊಡವೆ ಬಿಟ್ಟು ಬಟ್ಟಲನ್ನು ನೋಡಿದ.

"ಗುರುಗಳೇ, ತೂತಿನಲ್ಲಿ ಸುಣ್ಣ ಕಟ್ಟಿದೆ" ಎಂದ.

"ಪರಮಗುರುಗಳ ಬಟ್ಟಲಿನಲ್ಲಿ ತಪ್ಪು ಹುಡುಕುವಷ್ಟು ದೊಡ್ಡವನಾದೆಯಾ?" ಎಂದು ಜ್ಯೋತಿಷಿ ಗದರಿದ.

ಶಿಷ್ಯ ಅಂದೇ ಕಂಚುಗಾರರ ಕೇರಿಗೆ ಹೋಗಿ ಕುಲುಮೆಯ ತಿದಿ ಒತ್ತಲು ಕೂತ. ಪಂಚಾಂಗ ಬಿಟ್ಟು ತಿದಿ ಹಿಡಿದನೆಂದು ಊರು ಆಡಿಕೊಂಡಿತು. ಅವನು ಬಟ್ಟಲು ಬಡಿದ, ಸರಿಬರದಿದ್ದರೆ ಕರಗಿಸಿದ, ಮತ್ತೆ ಬಡಿದ. ಕೋಲಿನ ನೆರಳು ಅಳೆದು ಅಳೆದು ಕೂದಲೆಳೆಯಷ್ಟು ತೂತನ್ನು ತಿದ್ದಿದ. ಎಂಥ ತಾಳ್ಮೆ ಅವನದು! ನೆನೆದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ.

ಮೂರು ವರ್ಷ ಕಳೆಯಿತು. ಕಾಲುವೆ ನೀರಿನ ಸರದಿಗಾಗಿ ಕುಡುಗೋಲು ಎತ್ತುತ್ತಿದ್ದ ರೈತರು ಅವನ ಬಟ್ಟಲೊಂದನ್ನು ನಡುವೆ ಇಟ್ಟುಕೊಂಡು ತೆಪ್ಪಗಿದ್ದಾರೆಂಬ ಸುದ್ದಿ ಬಂತು. ಜ್ಯೋತಿಷಿ ತನ್ನ ಬಟ್ಟಲನ್ನು ಕಂಕುಳಲ್ಲಿ ಇರುಕಿಕೊಂಡು ನೋಡಲು ಹೋದ. ಎರಡನ್ನೂ ಒಟ್ಟಿಗೆ ತೇಲಿಬಿಟ್ಟ. ರೈತರದ್ದು ಮುಳುಗಿತು. ಅವನದು ಇನ್ನೂ ತೇಲುತ್ತಿತ್ತು. ಮರುದಿನದ ಸೂರ್ಯೋದಯದವರೆಗೆ ಅಲ್ಲೇ ಕೂತು ರೈತರ ಬಟ್ಟಲನ್ನು ಎಣಿಸಿದ. ಸರಿಯಾಗಿ ಅರವತ್ತು.

ಅಲ್ಲಿಂದ ನೇರ ಕಂಚುಗಾರರ ಕೇರಿಗೆ ನಡೆದ. "ನಾನು ಕಲಿಸಿದ್ದೆಲ್ಲ ಎಲ್ಲಿ ಹೋಯಿತಪ್ಪಾ?" ಎಂದು ಕೇಳಿದ.

ಶಿಷ್ಯ ಹೊಸ ಬಟ್ಟಲೊಂದನ್ನು ಬೆಳಕಿಗೆ ಹಿಡಿದು ತೂತು ತೋರಿಸಿದ. "ಇಲ್ಲೇ ಇದೆ, ಗುರುಗಳೇ. ಇದನ್ನು ಕೊರೆಯಲು ಒಂಬತ್ತು ವರ್ಷದ್ದೂ ಬೇಕಾಯಿತು."

ಗುರುಗಳು ಕತೆ ನಿಲ್ಲಿಸಿದರು. ತಿರುಮಲಯ್ಯನ ಎದೆ ಹಗುರವಾಯಿತು. "ಹಾಗಾದರೆ ಯಾವ ವರ್ಷವೂ ವ್ಯರ್ಥವಾಗಲಿಲ್ಲ" ಎಂದ.

ಗುರುಗಳು ಉಜ್ಜಿದ ಬಟ್ಟಲನ್ನು ತೊಳೆದು, ತೂತಿನೊಳಗಿಂದ ಬೆಳಕು ನೋಡಿದರು.

"ಆದವು ಮಗು, ಸೂರ್ಯನನ್ನು ತಿದ್ದುತ್ತ ಕೂತಿದ್ದ ನನ್ನ ಮೂರು ವರ್ಷ."