ಕೆಂಚಿಬೋರೆ

ನಮ್ಮೂರಿನ ಮೂಡಲಿಗಿರುವ ಕಲ್ಲುಗುಡ್ಡವನ್ನು ಕೆಂಚಿಬೋರೆ ಎನ್ನುತ್ತಾರೆ. ದೊಡ್ಡದೇನಲ್ಲ, ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಹೊರಟರೆ ಉಗಿಯುವಷ್ಟರಲ್ಲಿ ನೆತ್ತಿ ಸೇರುತ್ತೀರಿ. ಅಲ್ಲಿ ಮುರಿದ ಬಂಗಲೆಯ ಗೋಡೆಗಳ ಮೇಲೆಲ್ಲ ಒಂದು ಬಳ್ಳಿ ಹಬ್ಬಿದೆ. ಎಲೆ ಪುಟ್ಟ ಕೊಡೆಯಂತೆ ದುಂಡಗೆ, ಹೂವು ಕೆಂಡದ ಬಣ್ಣ, ಹೂವಿನ ಹಿಂದೊಂದು ಬಾಲ. ಕೆಂಚಿ ಎಂದರೆ ಯಾವ ದೇವತೆ, ಗುಡಿ ಎಲ್ಲಿ ಎಂದು ಬಂದವರು ಕೇಳುತ್ತಾರೆ. ಗುಡಿಯಿಲ್ಲ.

ಹಿಂದೆ ಒಮ್ಮೆ, ಆ ಬಂಗಲೆಯಲ್ಲಿ ಪರದೇಶದ ದೊರೆಯೊಬ್ಬ ಇದ್ದ ಕಾಲಕ್ಕೆ, ಊರಿನಲ್ಲಿ ಸಣ್ಣತಾಯಮ್ಮ ಎಂಬ ಮದ್ದು ಕೊಡುವವಳಿದ್ದಳು. ಗಿಡವನ್ನು ಹೆಸರು ಹಿಡಿದು ಕರೆದು, ಯಾರಿಗಾಗಿ ಎಂದು ಹೇಳಿ, ಅಪ್ಪಣೆ ಕೇಳದೆ ಒಂದೆಲೆಯನ್ನೂ ಅವಳು ಚಿವುಟುತ್ತಿರಲಿಲ್ಲ. ಕರೆಯದೆ ಕಿತ್ತ ಮದ್ದು ಬರೀ ಹುಲ್ಲು ಎಂದು ಅವಳ ಅತ್ತೆ ಕಲಿಸಿದ್ದಳು. ಒಂದು ಬೇಸಿಗೆ ಅವಳ ಬಸುರಿ ಸೊಸೆ ಪುಟ್ಟಗೌರಿಯ ವಸಡಿನಿಂದ ರಕ್ತ ಒಸರತೊಡಗಿತು. ಮೈಮೇಲೆಲ್ಲ ಕಪ್ಪು ಕಲೆ. ಎದ್ದು ಕೂರುವ ತ್ರಾಣವಿಲ್ಲ. ಇದಕ್ಕೆ ಹಳ್ಳದಂಚಿನ ಖಾರಸೊಪ್ಪೇ ಮದ್ದು. ಆದರೆ ಹಳ್ಳ ಬತ್ತಿ ಸೊಪ್ಪು ಸುಟ್ಟುಹೋಗಿತ್ತು. ದೊರೆಯ ತೋಟದ ಬಳ್ಳಿಯೂ ಹಾಗೇ ಖಾರ ಎಂದು ಮಾಲಿ ಕುಳ್ಳಯ್ಯ ಹೇಳಿದ್ದು ನೆನಪಾಗಿ ಅವಳು ಬೋರೆ ಹತ್ತಿದಳು. ಒಂದು ಉದುರಿದೆಲೆ ಜಗಿದು ನೋಡಿದಳು. ಅದೇ ಖಾರ.

“ಇದರ ಹೆಸರೇನಪ್ಪ?”

“ಅದೇ ಪೇಚು ಕಣಕ್ಕ. ದೊರೆಗಳು ಅವರ ಭಾಷೇಲಿ ಹಳ್ಳದ ಸೊಪ್ಪಿಗೂ ಇದಕ್ಕೂ ಒಂದೇ ಹೆಸರು ಕರೀತಾರೆ. ಅವರ ಪುಸ್ತಕದಲ್ಲಿ ನೋಡಿದ್ರೆ ಆ ಹೆಸರು ಹಳ್ಳದ ಸೊಪ್ಪಿನದಂತೆ, ಇದಕ್ಕೆ ಬೇರೆಯದೇ ಐತಂತೆ. ಅದು ನನ್ನ ನಾಲಿಗೆಗೆ ಹೊರಳಾಕಿಲ್ಲ.”

“ಇಷ್ಟು ಓದಿದ ಮನುಷ್ಯ, ಇಬ್ಬರು ಮಕ್ಕಳಿಗೆ ಒಂದೇ ಹೆಸರಿಟ್ಟವ್ನಲ್ಲ! ಕರೆದ್ರೆ ಯಾವುದು ಓಗೊಡಬೇಕು?”

“ಸುಮ್ನೆ ಕಿತ್ಕೊಂಡು ಹೋಗಕ್ಕ, ಅವರು ಬರೋ ಹೊತ್ತು.”

ಅವಳ ಕೈ ಮುಂದೆ ಹೋಗಲಿಲ್ಲ. ಬಳ್ಳಿಯೆದುರು ಕುಕ್ಕರುಗಾಲಲ್ಲಿ ಕೂತಳು. ಇಪ್ಪತ್ತು ವರ್ಷದ ಹಿಂದೆ ಅವಳಿಗೊಂದು ಹೆಣ್ಣುಕೂಸು ಹುಟ್ಟಿ, ತೊಟ್ಟಿಲಿಗೆ ಹಾಕಿ ಹೆಸರಿಡುವ ಮುಂಚೆಯೇ ಮಣ್ಣಾಗಿತ್ತು. ಇಡಬೇಕೆಂದಿದ್ದ ಹೆಸರನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಅದನ್ನೂ ಈ ಬಳ್ಳಿಗೆ ಕೊಟ್ಟುಬಿಟ್ಟರೆ ಆ ಕೂಸಿನದೆಂದು ಅವಳ ಹತ್ತಿರ ಇನ್ನೇನೂ ಉಳಿಯುವುದಿಲ್ಲ. ಕೊನೆಗೆ ತೊಟ್ಟಿಲ ಶಾಸ್ತ್ರದಲ್ಲಿ ಮಗುವಿನ ಕಿವಿಗೆ ಹೇಳುವಂತೆ ಹೂವಿಗೆ ಬಾಯಿಟ್ಟು ಮೂರು ಸಲ ಕರೆದಳಂತೆ.

“ಕೆಂಚೀ, ಕೆಂಚೀ, ಕೆಂಚೀ. ನಿಮ್ಮತ್ತಿಗೆಗೆ ಕಣವ್ವ, ನಾಲ್ಕೆಲೆ ಕೊಡು.”

ಹದಿನೈದು ದಿನಕ್ಕೆ ಪುಟ್ಟಗೌರಿ ಎದ್ದು ಕೂತಳು ಎನ್ನುತ್ತಾರೆ. ದೊರೆ ಹಡಗು ಹತ್ತಿದ, ಅವನ ಪುಸ್ತಕವೂ ಹೋಯಿತು; ಬೋರೆಗೆ ಈ ಹೆಸರು ನಿಂತಿತು.

ಈಗ ಮೇಲೆ ಹೋದವರಿಗೆ ಬಳ್ಳಿಯ ಬುಡದಲ್ಲಿ ಅಲ್ಲಲ್ಲಿ ಕರಿಬಳೆಗಳು ಕಾಣುತ್ತವೆ, ದೊಡ್ಡವರ ಎರಡು ಬೆರಳೂ ತೂರದಷ್ಟು ಚಿಕ್ಕವು. ಹೆಸರಿಡುವ ಮುಂಚೆ ಕೂಸು ಕಳೆದುಕೊಂಡ ತಾಯಂದಿರು ಇಟ್ಟುಹೋದವು ಅವು. ಯಾರಾದರೂ ಹೆಂಗಸು ಹೂವಿಗೆ ಬಾಗಿ ಏನೋ ಹೇಳುತ್ತಿದ್ದರೆ ಊರವರು ದೂರವೇ ನಿಲ್ಲುತ್ತಾರೆ. ನೀವೂ ನಿಲ್ಲಿ.