ಗೈಬುಸಾಬರ ಜೋಡಿ ಫೋಟೋ

ಬಹಳ ಹಿಂದೆ, ಮನುಷ್ಯರೆಲ್ಲ ಇನ್ನೂ ಕಪ್ಪುಬಿಳುಪಾಗಿದ್ದ ಕಾಲದಲ್ಲಿ, ಒಂದು ಬಿಸಿಲೂರಿನಲ್ಲಿ ಗೈಬುಸಾಬರೆಂಬ ಫೋಟೋದವರಿದ್ದರಂತೆ. ಆ ಊರಿನ ಒಣಗಾಳಿಗೆ ತೊಳೆದ ಫೋಟೋ ಹಪ್ಪಳದಂತೆ ಸುರುಳಿಯಾಗುತ್ತಿತ್ತಂತೆ. ಸಾಬರದು ಮಾತ್ರ ಆಗುತ್ತಿರಲಿಲ್ಲ. ಅದರ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತಿತ್ತಂತೆ. ಮೂರು ದಿನ ನಿಂತಿತ್ತು ಎನ್ನುವವರೂ ಇದ್ದಾರೆ.

ಎದುರಂಗಡಿಯ ಫೋಟೋದ ಚನವೀರಪ್ಪನಿಗೆ ಆ ಗೋಲಿ ಎದೆಯ ಮೇಲೇ ಇಟ್ಟಂತಿತ್ತು. ಅವನು ತೆಗೆದ ಅಜ್ಜನ ಫೋಟೋ ನೋಡಲು ಇಬ್ಬರು ಎರಡು ಕಡೆ ಹಿಡಿಯಬೇಕಿತ್ತಂತೆ. “ಕೈಬಿಟ್ಟರ ಅಜ್ಜ ಮತ್ತ ಮುದುಡಿ ಮಲಕೋತಾನ್ರೀ” ಎಂದು ಗಿರಾಕಿಗಳು ನಗುತ್ತಿದ್ದರು. ಚನವೀರಪ್ಪ ಫೋಟೋದ ಮೇಲೆ ಕಲ್ಲು ಹೇರಿದ. ಹಾಸಿಗೆಯ ಕೆಳಗಿಟ್ಟು ಮಲಗಿದ, ಹೆಂಡತಿಯನ್ನೂ ಮಲಗಿಸಿದ. ಅವರು ಎದ್ದರೆ ಫೋಟೋವೂ ಏಳುತ್ತಿತ್ತಂತೆ.

ಕಡೆಗೆ ಗೌಡರ ಮಗಳ ಮದುವೆಯ ಫೋಟೋ ಅವನ ಪಾಲಿಗೆ ಬಂತು. ಇದೂ ಸುರುಳಿಯಾದರೆ ಅಂಗಡಿ ಮುಚ್ಚಿದಂತೆಯೇ. ಅವನು ಸಾಬರ ಗೋಡೆಯ ಕಿಂಡಿಯಿಂದ ಇಣುಕಿದ. ಹಗ್ಗದ ಮೇಲೆ ಫೋಟೋಗಳು ಎರಡೆರಡು ಕೂಡಿ, ನಾಲ್ಕು ಮೂಲೆಗೆ ಬಟ್ಟೆಯ ಕ್ಲಿಪ್ಪು ಕಚ್ಚಿಕೊಂಡು ನೇತಾಡುತ್ತಿದ್ದವು. ಕಂಡದ್ದು ಅಂಚು ಮಾತ್ರ, ಮುಖ ಯಾವ ಕಡೆಗಿದೆಯೋ ಕಾಣಲಿಲ್ಲ. ಓಡಿಬಂದವನೇ ಬೇರೆ ಬೇರೆ ಹಾಳೆಯಲ್ಲಿದ್ದ ಮದುಮಗಳನ್ನೂ ಮದುಮಗನನ್ನೂ ಮುಖಕ್ಕೆ ಮುಖ ಹಚ್ಚಿ ಕ್ಲಿಪ್ಪು ಹಾಕಿದ. ಗಂಡ ಹೆಂಡತಿ ಇನ್ನು ಹೇಗೆ ಇರಬೇಕು?

ಹಸಿ ಫೋಟೋದ ಮುಖದಲ್ಲಿ ಸರೇಸಿನಂಥ ಅಂಟು. ಒಣಗಿದ ಮೇಲೆ ಕಿತ್ತರೆ ಮದುಮಗನ ಮೀಸೆ ಮದುಮಗಳಿಗೆ ಬಂದಿತ್ತಂತೆ.

ಉಳಿದದ್ದು ಒಂದೇ ಫೋಟೋ ಹಾಳೆ. ಅದರಲ್ಲಿ ಇಬ್ಬರನ್ನೂ ಒಟ್ಟಿಗೆ ಮೂಡಿಸಿ, ಹಸಿ ಫೋಟೋವನ್ನು ತಾಟಿನಲ್ಲಿಟ್ಟುಕೊಂಡು, ಹಲ್ಲು ಕಚ್ಚಿ ರಸ್ತೆ ದಾಟಿದ.

ಸಾಬರು ತಾಟನ್ನು ಈಸಿಕೊಂಡರಂತೆ. ತಮ್ಮದೊಂದು ಹಸಿ ಫೋಟೋ ನೀರಿನಿಂದೆತ್ತಿ ಇದರ ಬೆನ್ನಿಗೆ ಅದರ ಬೆನ್ನು ಹಚ್ಚಿ ಕ್ಲಿಪ್ಪು ಹಾಕಿದರು. “ಮಾರಿಗೆ ಮಾರಿ ಹಚ್ಚಿದರ ಕಚ್ಚಾಡತಾವೋ ತಮ್ಮಾ. ಬೆನ್ನಿಗೆ ಬೆನ್ನು ಹಚ್ಚು. ಇದು ಆ ಕಡೆ ಎಳೀತದ, ಅದು ಈ ಕಡೆ ಎಳೀತದ. ಎರಡೂ ನೆಟ್ಟಗ ಇರತಾವ.”

ಒಣಗಿ ಬಿಚ್ಚಿದಾಗ ಚನವೀರಪ್ಪ ಮೊದಲು ನೋಡಿದ್ದು ಸಾಬರ ಫೋಟೋವನ್ನು, ಎಲ್ಲಾದರೂ ಕೂದಲೆಳೆಯಷ್ಟು ಸೊಟ್ಟಗಿದೆಯೇ ಎಂದು. ಇರಲಿಲ್ಲ. ತನ್ನದೂ ಸೊಟ್ಟಗಿರಲಿಲ್ಲ. “ನನ್ನ ಫೋಟೋದಿಂದ ನಿಮ್ಮದು ನೆಟ್ಟಗಾತು ನೋಡ್ರಿ ಸಾಬರ” ಎಂದನಂತೆ. “ಹೌದೋ ತಮ್ಮಾ” ಎಂದರಂತೆ ಸಾಬರು. ಆ ಮಾತಿಗೆ ಚನವೀರಪ್ಪ ಇನ್ನೂ ಉರಿದನಂತೆ. ಸಾಯುವವರೆಗೂ ಉರಿದ, ಸಾಯುವವರೆಗೂ ಹಸಿ ಫೋಟೋ ಹಿಡಿದು ರಸ್ತೆ ದಾಟಿದ.

ಆ ಊರಿನಲ್ಲಿ ಈಗಲೂ ಅಣ್ಣತಮ್ಮಂದಿರು, ವಾರಗಿತ್ತಿಯರು ಜಗಳಾಡಿದರೆ ಹಿರಿಯರು ಬುದ್ಧಿ ಹೇಳುವುದಿಲ್ಲ. ಕಟ್ಟೆಯ ಮೇಲೆ ಬೆನ್ನಿಗೆ ಬೆನ್ನು ಹಚ್ಚಿ ಕೂರಿಸುತ್ತಾರೆ. ದಾರಿಹೋಕರು ಮಾತಾಡಿಸಲು ಹೋದರೆ ತಡೆಯುತ್ತಾರೆ: “ಈಗ ಬ್ಯಾಡ್ರಿ. ಇನ್ನೂ ಹಸಿ ಅದಾರ.”