ಬಿಳಿ ಕಾವಲುಗಾರನ ಆಣೆ

ಭೂಮಿ ಇನ್ನೂ ಹಸಿಮಣ್ಣಾಗಿದ್ದ ಕಾಲ. ಆಗ ಮನುಷ್ಯರ ಮೈಯೊಳಗಿನವರೂ ಬಾಯಿಬಿಟ್ಟು ಮಾತಾಡುತ್ತಿದ್ದರು. ಮೊಣಕಾಲು ಸಾಕಾಯ್ತು ಅನ್ನುತ್ತಿತ್ತು, ಮೈಯೊಡತಿ ಇನ್ನೊಂಚೂರು ನಡಿ ಅನ್ನುತ್ತಿದ್ದಳು.

ಪುಟ್ಟೀರಮ್ಮ ಅನ್ನುವವಳ ನೆತ್ತರಲ್ಲಿ ಬೆಳ್ಳ ಅಂತ ಒಬ್ಬ ಕಾವಲುಗಾರನಿದ್ದ. ಮೈ ಬೆಳ್ಳಗಿತ್ತು, ಅದಕ್ಕೇ ಆ ಹೆಸರು. ಮನಸ್ಸು ಮಾತ್ರ ಬೆಣ್ಣೆ. ಯಾರು ಬಂದರೂ "ಬಾರಪ್ಪ, ಕೂತ್ಕೊ" ಅನ್ನುತ್ತಿದ್ದ. ಇಂಥವನನ್ನ ಯಾರಾದರೂ ಕಾವಲಿಗೆ ಇಡುತ್ತಾರಾ, ಹೇಳು!

ಪುಟ್ಟೀರಮ್ಮ ಬಸುರಿಯಾಗಿದ್ದಾಗ ಒಂದು ಕೆಟ್ಟ ಜ್ವರ ನೆಂಟನ ಹಾಗೆ ನಡುಗುತ್ತಾ ಬಂತು. "ಚಳಿ ಕಣಣ್ಣ, ಒಳಗೆ ಬಿಡು" ಅಂತು. ಬೆಳ್ಳ ಅಯ್ಯೋ ಪಾಪ ಅಂತ ಬಿಟ್ಟ. ಜ್ವರ ನೆಟ್ಟಗೆ ಹೋಗಿ ಹೊಟ್ಟೆಯ ಕೂಸನ್ನೇ ತಿಂದುಹಾಕಿತು.

ಪುಟ್ಟೀರಮ್ಮ ಎದೆ ಬಡಿದುಕೊಂಡು ಅತ್ತಳು. "ಮುಖ ನೋಡಿ ಮರುಳಾದೆಯಲ್ಲೋ ಪಾಪಿ! ನನ್ನ ಮೈಯ ಕಣಕಣಕ್ಕೂ ನನ್ನ ಹಚ್ಚೆಯಿದೆ. ಇನ್ಮೇಲೆ ಅದನ್ನ ನೋಡು. ಹಚ್ಚೆ ಬೇರೆಯಿದ್ರೆ ಯಾರನ್ನೂ ಉಳಿಸಬೇಡ. ನಾನೇ ಬಂದು ಬೇಡ್ಕೊಂಡ್ರೂ ಕೇಳಬೇಡ. ಮಾಡು ಆಣೆ!"

ಬೆಳ್ಳ ಆಣೆ ಮಾಡಿದ. ಆಮೇಲೆ ಅವನು ಯಾರಿಗೂ ಬಾ ಅನ್ನಲಿಲ್ಲ.

ವರ್ಷಗಳು ಉರುಳಿದವು. ಪುಟ್ಟೀರಮ್ಮನ ಎರಡು ಕಿಡ್ನಿಗಳೂ ಸುಕ್ಕಿಹೋದವು. ಮುಖ ಊದಿತು, ಅನ್ನ ಬಾಯಿಗೆ ಸೇರದಾಯಿತು. ಸಾವು ಹೊಸ್ತಿಲಲ್ಲಿ ಬಂದು ಕೂತಿತು.

ಅವಳ ತಂಗಿ ಚಿಕ್ಕತಾಯಿ ಓಡಿ ಬಂದಳು. "ನನ್ನ ಹತ್ರ ಎರಡಿವೆ, ಒಂದು ತಗೋ ಅಕ್ಕ" ಅಂದಳು. ಆ ಕಾಲದಲ್ಲಿ ಹೂವು ಕೊಟ್ಟ ಹಾಗೆ ಕೊಡಬಹುದಿತ್ತು. ತಂಗಿಯ ಕಿಡ್ನಿ ಅಕ್ಕನ ಕಿಬ್ಬೊಟ್ಟೆಯಲ್ಲಿ ಕೂತು ಸೋಸೋಕೆ ಶುರುಮಾಡಿತು. ನೀರು ಹರಿಯಿತು, ಊತ ಇಳಿಯಿತು. ಪುಟ್ಟೀರಮ್ಮ ನಕ್ಕಳು. ಒಡತಿ ನಕ್ಕಳಲ್ಲ ಅಂತ ಬೆಳ್ಳನಿಗೂ ಹಿಗ್ಗು.

ಆದರೆ ಗಸ್ತು ತಿರುಗುತ್ತಾ ಆ ಕಿಡ್ನಿಯ ಹತ್ತಿರ ಬಂದ. ಹಚ್ಚೆ ಮುಟ್ಟಿ ನೋಡಿದ. ಕೆಲವು ಚುಕ್ಕಿ ಹೊಂದುತ್ತಿದ್ದವು, ಕೆಲವು ಹೊಂದುತ್ತಿರಲಿಲ್ಲ.

"ಯಾರವ್ವ ನೀನು?"

"ಚಿಕ್ಕತಾಯಿ ಮೈಯವಳು ಕಣಣ್ಣ. ಕೆಲಸಕ್ಕೆ ಬಂದಿದೀನಿ, ಕದಿಯೋಕಲ್ಲ."

"ಗೊತ್ತು ಕಣವ್ವ" ಅಂದ ಬೆಳ್ಳ. ನೋಡದ ಹಾಗೆ ಹೋಗಿಬಿಡಲಾ ಅನ್ನಿಸಿತು. ಅಷ್ಟರಲ್ಲಿ ಆ ಕೂಸು ನೆನಪಾಯಿತು. ಕಿಡ್ನಿಯಿಂದ ಒಂದು ಚೂರು ಕೆರೆದುಕೊಂಡು ತೊಡೆಸಂದಿಯ ಗಂಟಿಗೆ ಹೋದ. ಅದೇ ಕಾವಲುಗಾರರ ಚಾವಡಿ. ಚೂರು ತೋರಿಸಿ, "ಹಚ್ಚೆ ನಮ್ಮದಲ್ಲ" ಅಂದ. ಅಷ್ಟೇ ಸಾಕಾಯಿತು. ಒಬ್ಬರು ಇಬ್ಬರಾದರು, ಇಬ್ಬರು ದಂಡಾದರು, ದಂಡು ನೆತ್ತರಿಗಿಳಿಯಿತು.

ಕಿಡ್ನಿ ಕೆಂಡದ ಹಾಗೆ ಕಾದು ಊದಿತು. ಪುಟ್ಟೀರಮ್ಮ ಹೊಟ್ಟೆ ಹಿಡಿದುಕೊಂಡು ಕೂಗಿದಳು: "ಬಿಟ್ಬಿಡೋ ಬೆಳ್ಳ! ಅದು ನನ್ನ ತಂಗೀದು ಕಣೋ!"

"ನೀನೇ ಬೇಡ್ಕೊಂಡ್ರೂ ಕೇಳಬೇಡ ಅಂದಿದ್ದೆಯಲ್ಲವ್ವ" ಅಂದ ಬೆಳ್ಳ. ಅಳುತ್ತಲೇ ಹೊಡೆದ.

ಚಿಕ್ಕತಾಯಿ ಕಾಡಿಗೆ ಓಡಿದಳು. ಬೆಳ್ಳನನ್ನ ತಡೆಯೋದು ಹೇಗೆ ಅಂತ ಗಾಳಿಯನ್ನ ಕೇಳಿದಳು, ಗೊತ್ತಿಲ್ಲ ಅಂತು. ಹೊಳೆಯನ್ನ ಕೇಳಿದಳು, ಗೊತ್ತಿಲ್ಲ ಅಂತು. ಕಾಲಡಿಯ ಮಣ್ಣಿನ ಬೂಷ್ಟು ಮಾತ್ರ ಹೇಳಿತು: "ಕಾವಲುಗಾರರಿಗೆ ನಿದ್ದೆ ಕೊಡಬಲ್ಲೆ ತಾಯಿ. ಅವರು ಮಲಗಿದಾಗ ನೆಗಡಿ ಕೆಮ್ಮೂ ಒಳಗೆ ನುಗ್ಗುತ್ತವೆ, ಹುಷಾರು. ಆಣೆ ಬಿಡಿಸೋದು ನನ್ನ ಕೈಲಾಗೋಲ್ಲ."

ಅವಳು ಬೂಷ್ಟನ್ನ ಮಡಿಲಲ್ಲಿ ತುಂಬಿಕೊಂಡು ಬರುವಷ್ಟರಲ್ಲಿ ಕಿಡ್ನಿ ನಿಂತುಹೋಗಿತ್ತು. ಪುಟ್ಟೀರಮ್ಮನೂ ಇರಲಿಲ್ಲ. ಅವತ್ತಿನಿಂದ ಮೈಯೊಳಗಿನವರು ನಮ್ಮ ಹತ್ತಿರ ಮಾತು ಬಿಟ್ಟರು. ಬೇಡಿಕೊಳ್ಳೋಕೂ ಯಾರೂ ಸಿಗದ ಹಾಗಾಯಿತು.

ಚಿಕ್ಕತಾಯಿ ಬೂಷ್ಟನ್ನ ಎಸೆಯಲಿಲ್ಲ, ಮುಂದಿನವರಿಗಾದರೂ ಇರಲಿ ಅಂತ ಊರೂರಿಗೆ ಹಂಚಿದಳು. ಅದಕ್ಕೇ ಮಗಾ, ಬೇರೆಯವರ ಕಿಡ್ನಿ ಹಾಕಿಸಿಕೊಂಡಿರೋ ನಿಮ್ಮವ್ವ ಹೊತ್ತು ತಪ್ಪದೆ ಆ ಬೂಷ್ಟಿನ ಗುಳಿಗೆ ನುಂಗೋದು, ನೀನು ಸೀನಿದರೆ ದೂರ ಸರಿಯೋದು. ಅಷ್ಟೆಲ್ಲ ಮಾಡಿಯೂ ಇವತ್ತು ಅವಳ ಪಾದ ಮತ್ತೆ ಊದಿರೋದು, ಅವಳೊಳಗೂ ಅದೇ ಆಣೆಯ ಬೆಳ್ಳ ನಿದ್ದೆಯಿಂದ ಎದ್ದಿದ್ದಾನೆ, ಅದಕ್ಕೆ.